ಎಲಿ ಬುಟ್ಟ್ಯಾಗ ಬಂದ ವಿಡಿಯೋ ಗೇಮು

ವಿಡಿಯೋ ಗೇಮ್ ಅಂಗಡ್ಯಾಗ ಏನ್ ಘನಂದಾರಿ ಕೆಲಸ ನಡೀತೈತಿ ಅಂತ ಕೇಳೋರು ಒಂದಿನ ಬಂದು ನಮ್ಮ ಬೆಂಚಿನ ಮ್ಯಾಲ ಕುಂದ್ರಬೇಕು. ಆಡಾಕ ಬಂದವ್ರು ಆಡಿ ಸುಮ್ನ ಹೋಗಂಗಿಲ್ಲ, ಏನಾರ ಒಂದು ಫಜೀತಿ ಮಾಡ್ಕೊಂಡ ಹೋಗ್ತಾರ. ಇದು ಮೊದಲಿಂದ ಹಿಂಗ ನಡದೈತಿ.

ಸವಣೂರ ಪ್ಯಾಟ್ಯಾಗ ನಮ್ಮ ಅಂಗಡಿ. ಟೀವಿಗೆ ಹಚ್ಚಿ ಆಡೋ ಹಳೇ ವಿಡಿಯೋ ಗೇಮು, ಅದರ ಕ್ಯಾಸೆಟ್ಟು, ಬೆನ್ನ ಹಿಂದ ಡುಬ್ಬ ಇರೋ ದಪ್ಪನ ಟೀವಿ. ಈಗ ಎಲ್ಲಾರ ಕೈಯಾಗೂ ಮೊಬೈಲ್ ಐತಿ, ಖರೇ. ಆದ್ರೂ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡಿಂದ ಬಸ್ ಹತ್ತಿ ಮಂದಿ ನಮ್ಮಲ್ಲಿಗೆ ಬರ್ತಾರ. ಈ ಸುತ್ತಿನಾಗ ಇಂಥಾ ಅಂಗಡಿ ನಮ್ಮದೊಂದ. ಇದನ್ನ ಹೇಳೂಮುಂದ ನನ್ನ ಕೊರಳು ತಾನ ಉದ್ದ ಆಗತೈತಿ ಅಂತ ನಮ್ಮನಿಯವ್ರು ನಗ್ತಾರ. ಆಗ್ಲಿ ಬಿಡ್ರಿ, ನನ್ನ ಕೊರಳು.

ಈ ವರ್ಷ ಮಾತ್ರ ಸಂಕಟ ಬಂತು. ಮಳಿಗಿ ಮಾಲಕರು ಇಬ್ಬರು ಅಣ್ಣ-ತಮ್ಮ, ದೊಡ್ಡ ಗೌಡ್ರು ಮತ್ತ ಸಣ್ಣ ಗೌಡ್ರು. ದೊಡ್ಡ ಗೌಡ್ರು ಒಂದಿನ ಬಂದು, "ಅಕ್ಕಾರ, ಯುಗಾದಿಗೆ ಅಂಗಡಿ ಖಾಲಿ ಮಾಡ್ರಿ. ನನ್ನ ಹೆಂಡ್ತಿ ತಮ್ಮ ಮೊಬೈಲ್ ಅಂಗಡಿ ಇಡ್ತಾನ. ಈ ಹಳೇ ಡಬ್ಬಿ ನೋಡಾಕ ಯಾರ್ ಬರ್ತಾರ್ರಿ?" ಅಂದ್ರು. ನನಗ ಸಿಟ್ಟು ಬಂತು. ಯಾರ್ ಬರ್ತಾರ? ಕೇಳ್ರಿ ಹಂಗಾರ.

ಇಂಪೋರ್ಟೆಡ್

ನಮ್ಮ ಅಂಗಡಿ ಹುಟ್ಟಿದ್ದ ಎಲಿ ಲಾರಿಯಿಂದ. ಮದುವಿ ಆದ ಹೊಸದಾಗಿ ನಮ್ಮನಿಯವ್ರು ಸವಣೂರ ವೀಳ್ಯದೆಲಿ ತುಂಬಿದ ಲಾರಿ ಜೋಡಿ ಮುಂಬೈಗೆ ಹೋಗ್ತಿದ್ರು. ಹೋಗೂಮುಂದ ಬುಟ್ಟಿ ತುಂಬ ಎಲಿ, ಬರೂಮುಂದ ಅದ ಬುಟ್ಟ್ಯಾಗ ಒಣಹುಲ್ಲು ಹಾಸಿ ಹೊರದೇಶದ ವಿಡಿಯೋ ಗೇಮು. ಆ ಕ್ಯಾಸೆಟ್ಟು ಮೂಗಿಗೆ ಹಿಡಿದ್ರ ಇವತ್ತಿಗೂ ಎಲಿ ವಾಸನಿ ಹೊಡಿತೈತಿ. ಹುಬ್ಬಳ್ಳಿಯಾಂವ ಯಾರರ ಅಂಥಾದ್ದೊಂದು ತಂದು ತೋರಿಸ್ಲಿ ನೋಡೂಣು.

ಬಾಗಿಲ ಮ್ಯಾಲ "ಇಂಪೋರ್ಟೆಡ್ ಆಟಗಳು" ಅಂತ ಬೋರ್ಡ್ ಬರಸಿದ್ವಿ. ಶಿಗ್ಗಾಂವಿ ಕಡೆ ಸಾಲಿ ಮಾಸ್ತರೊಬ್ರು ಅದನ್ನ ಓದಿ ಒಳಗ ಬಂದ್ರು.

"ಯಾವ ದೇಶದಿಂದ ತಂದೀಪಾ ಇವನ್ನ?"

"ಮುಂಬೈದಿಂದ್ರಿ ಸರ" ಅಂದ್ರು ನಮ್ಮನಿಯವ್ರು.

"ಮುಂಬೈ ನಮ್ಮ ದೇಶದಾಗ ಐತೋ! ನಾನು ದಿನಾ ನಕಾಶೆ ತೋರಿಸಿ ಕಲಸಾಂವ."

"ನಕಾಶೆದಾಗ ಐತ್ರಿ ಸರ. ನೀವು ಒಮ್ಮೆ ಎಲಿ ಬುಟ್ಟಿ ಮ್ಯಾಲ ಕುಂತು, ದಾರಿಯುದ್ದಕ್ಕ ಎಲಿಗೆ ನೀರ ಹೊಡಕೋತ, ಘಾಟ್ ಇಳಿದು ಹೋಗಿ ಬರ್ರಿ. ಅದು ಯಾವ ದೇಶ ಅಂತ ನಿಮ್ಮ ಸೊಂಟಾನ ಹೇಳತೈತಿ."

ಕ್ಯಾಸೆಟ್ಟಿನ ಜಳಕ

ವಿಡಿಯೋ ಗೇಮ್ ಆಡಿದವ್ರಿಗೆ ಎಲ್ಲಾರಿಗೂ ಗೊತ್ತಿರೋ ವಿದ್ಯಾ ಒಂದೈತಿ. ಆಟ ಹತ್ತಲಿಲ್ಲ ಅಂದ್ರ ಕ್ಯಾಸೆಟ್ ತಗದು ಅದರ ಬಾಯಿಗೆ "ಉಫ್" ಅಂತ ಊದೂದು, ಮತ್ತ ಹಾಕೂದು. ಯಾರೂ ಕಲಿಸಿಕೊಟ್ಟಿದ್ದಲ್ಲ, ಎಲ್ಲಾರೂ ಊದವ್ರ.

ನಮ್ಮನಿಯವ್ರ ತಾಯಿ, ನಮ್ಮ ಅತ್ತಿಗೆ ಮಾತ್ರ ಇದು ಗೊತ್ತಿದ್ದಿಲ್ಲ. ಭಾಳ ಮಡಿ ಮನಷ್ಯಾಳು ಆಕಿ. ಲಿಂಗಪೂಜಿ ಆಗೂತನಕ ಬಾಯಾಗ ನೀರ ಸೈತ ಹಾಕಾಕಿ ಅಲ್ಲ. ಒಂದು ವರ್ಷ ಖಂಡೆಪೂಜಿ, ಆಯುಧಪೂಜಿ ಅಂತಾರಲ್ಲ, ಆ ದಿನ ನಾವು ಮಿಶಿನ್ನು, ಕ್ಯಾಸೆಟ್ಟು ಎಲ್ಲಾ ಒರಸಿ ಪೂಜಿಗೆ ಇಡಾಕತ್ತಿದ್ವಿ. ನಮ್ಮನಿಯವ್ರು ಧೂಳ ಹೋಗ್ಲಿ ಅಂತ ಒಂದೊಂದ ಕ್ಯಾಸೆಟ್ಟು ಊದಿ ಊದಿ ದೇವರ ಮುಂದ ಇಟ್ರು. ಅತ್ತಿ ಹೌಹಾರಿದ್ಲು.

"ಎಂಜಲಾ ಮಾಡಿ ದೇವರ ಮುಂದ ಇಡ್ತೀಯೇನೋ, ನಿನ್ನ ಬುದ್ಧಿಗಿಷ್ಟು!"

"ಎಂಜಲಲ್ಲ ಯವ್ವಾ, ಬರೇ ಗಾಳಿ."

"ಬಾಯಾಗಿಂದ ಬಂದಿದ್ದು ಗಾಳಿ ಆದ್ರೇನು, ಅಗಳ ಆದ್ರೇನು? ಎಂಜಲಾ ಅಂದ್ರ ಎಂಜಲಾನ."

ನಾವು ಕಾಯಿ-ಕರ್ಪೂರ ತರಾಕ ಪ್ಯಾಟಿಗೆ ಹೋಗಿ ಬರೂದ್ರಾಗ ಆಕಿ ಅಷ್ಟೂ ಕ್ಯಾಸೆಟ್ಟು ಕೊಪ್ಪರಿಗ್ಯಾಗ ಹಾಕಿ, ಸೀಗಿಕಾಯಿ ಹಚ್ಚಿ ತಿಕ್ಕಿ ತೊಳದು, ಮಾಳಗಿ ಮ್ಯಾಲ ಸಂಡಿಗಿ ಜೋಡಿ ಬಿಸಲಿಗೆ ಹರವಿದ್ಲು. ನಮ್ಮನಿಯವ್ರು ತಲಿಮ್ಯಾಲ ಕೈಹೊತ್ತು ಕುಂತ್ರು. ನನಗ ಅಳು ಬಂತು. ಮುಂಬೈದಿಂದ ಬುಟ್ಟ್ಯಾಗ ಕೂಸಿನಂಗ ಕಾಪಾಡಿ ತಂದಿದ್ದು ಸೀಗಿಕಾಯಿ ಪಾಲಾತಲ್ಲ ಅಂತ.

ಬಿಸಲಾಗ ಒಣಗಿ ಗರಿಗರಿ ಆದಮ್ಯಾಲ ಹೆದರಕೋತ ಒಂದು ಹಾಕಿ ನೋಡಿದ್ವಿ. ಆಡ್ತು! ಇನ್ನೊಂದು ಹಾಕಿದ್ವಿ, ಅದೂ ಆಡ್ತು. ಮೊದಲ ತಿಂಗಳಗಟ್ಟಲೆ ಹಟಾ ಹಿಡದು ಸುಮ್ನ ಕುಂತಿದ್ದವೂ ಒಂದ ಸಲಕ್ಕ ಹತ್ತಿದ್ವು. ಅತ್ತಿ ಸೆರಗ ಕೊಡವಿ, "ನೋಡಿದ್ರ್ಯಾ? ಮೈ ತೊಳಕೊಂಡ್ರ ಯಾರಾದ್ರೂ ಛಲೋ ಆಡ್ತಾರ" ಅಂದು ಒಳಗ ಹೋದ್ಲು.

ಮಾಸೂರಿನ ಮಂಗ್ಯಾ

ನಮ್ಮಲ್ಲಿ ಒಂದು ಪ್ಲಾಸ್ಟಿಕ್ ಬಂದೂಕು ಐತಿ. ಟೀವಿಯೊಳಗ ಹಕ್ಕಿ ಹಾರತಾವ, ಗುರಿ ಇಟ್ಟು ಕುದುರಿ ಎಳದ್ರ ಬೀಳತಾವ. ಅದು ಡುಬ್ಬದ ಟೀವಿ ಮುಂದ ಅಷ್ಟ ನಡಿಯೂದು, ಗ್ವಾಡಿಗೆ ತೂಗಹಾಕೋ ತೆಳ್ಳನ ಹೊಸ ಟೀವಿ ಮುಂದ ನಡಿಯಂಗಿಲ್ಲ. ಹಳೇ ಡಬ್ಬಿ ಅಂತಾರಲ್ಲ, ಅವ್ರು ಇದನ್ನ ಕೇಳ್ಕೋಬೇಕು.

ಮಾಸೂರಿನ ರೈತರೊಬ್ರು ಸಂತಿಗೆ ಬಂದವ್ರು ಅದನ್ನ ನೋಡಿ ನಿಂತ್ರು. "ಅಕ್ಕಾರ, ಇದಕ್ಕ ಲೈಸೆನ್ಸ್ ಬೇಕೇನ್ರಿ?"

"ಯಾಕ್ರಿ, ಇದು ಪ್ಲಾಸ್ಟಿಕ್."

"ಅದು ಮಂಗ್ಯಾಗ ಗೊತ್ತೈತೇನ್ರಿ?"

ಮದಗದ ಕೆರಿ ನೀರಿನ ಹೊಲ ಅವ್ರದು. ಗೋವಿನಜೋಳ ತೆನಿ ಕಟ್ಟಿದ್ರ ಸಾಕು, ಮಂಗ್ಯಾ ಹಿಂಡು ಹಿಂಡು ಇಳಿತಾವಂತ. ಪಟಾಕಿ ಹಾರಿಸಿದ್ರಂತ, ಡಬ್ಬಿ ಬಡದ್ರಂತ, ಯಾವುದಕ್ಕೂ ಜಗ್ಗಿದ್ದಿಲ್ಲ. ಹಾಳಾಗಿ ಮೂಲ್ಯಾಗ ಬಿದ್ದಿದ್ದ ಇನ್ನೊಂದು ಬಂದೂಕು ನಾನು ಅವ್ರಿಗೆ ಕೊಟ್ಟು ಕಳಸಿದ್ನಿ.

ಸ್ವಲ್ಪ ದಿನ ಬಿಟ್ಟು ಬಂದ್ರು, ಮಾರಿ ತುಂಬ ನಗಿ. "ಹೆಗಲಿಗೆ ಹಚ್ಚಿ ಹಿಡದ್ರ ಸಾಕ್ರಿ, ಮರಿ ಹೊತಗೊಂಡು ಓಡತಾವ. ಊರಾಗ ನನಗ ಈಗ ಬಂದೂಕಿನ ಯಜಮಾನ್ರು ಅಂತಾರ" ಅಂದ್ರು. ನನಗೂ ಹೆಮ್ಮಿ ಆತು. ಆದ್ರ ಅವ್ರು ಹೋಗಲಿಲ್ಲ, ತಲಿ ಕೆರಕೋತ ನಿಂತ್ರು.

"ಮತ್ತೇನ್ರಿ?"

"ಮಂಗ್ಯಾ ಏನೋ ಹೆದರತಾವ. ಗಿಳಿ, ಕಾಗಿ ಒಂದೂ ಕಿಮ್ಮತ್ತ ಕೊಡವಲ್ಲವ್ರಿ. ಬಂದೂಕಿನ ಮ್ಯಾಲ ಬಂದು ಕುಂದ್ರತಾವ."

"ಹಕ್ಕಿ ಹೆಂಗ ಹೆದರತಾವ್ರಿ?" ಅಂದ್ನಿ. "ನಮ್ಮ ಅಂಗಡ್ಯಾಗ ಈ ಬಂದೂಕಿನಿಂದ ದಿನಾ ಸತ್ತು ದಿನಾ ಹಾರಿದವು ಅವು."

ಐತವಾರದ ಮಣ್ಣು

ಹಾನಗಲ್ಲಿನ ಜವಳಿ ಸಾಹುಕಾರ್ರೊಬ್ರು ಅದಾರ. ಸಾಲಿ ಕಲಿಯೂಮುಂದ ಸವಣೂರಾಗ ಸೋದರಮಾವನ ಮನ್ಯಾಗ ಇದ್ದು, ನಮ್ಮ ಬೆಂಚ್ ಸವಸಿದವ್ರು. ಈಗ ಹೊಟ್ಟಿ ಮುಂದ ಬಂದೈತಿ, ಕನ್ನಡಕ ಬಂದೈತಿ. ಐತವಾರ ಬಂತಂದ್ರ ಇಲ್ಲಿ ಹಾಜರ. "ಅಕ್ಕಾರ, ಇಲ್ಲಿ ಕುಂತ್ರ ಮತ್ತ ಸಾಲಿ ಚಡ್ಡಿ ಹಾಕ್ಕೊಂಡಂಗ ಆಗತೈತ್ರಿ" ಅಂತಾರ. ಅವರ ಆ ಮಾರಿ ನೋಡಿದ್ರ ನನ್ನ ಹೊಟ್ಟಿ ತಂಪಾಗತೈತಿ.

ಒಂದ ಐತವಾರ ಆಟದಾಗ ಅವರ ಕಡೀ ಜೀವ ಹೋತು. ಜೀವ ಹೋದಾಗ ಆ ಆಟದಾಗ ಒಂಥರಾ ಅಳು ಬರೋ ರಾಗ ಬರತೈತಿ. ಅದ ಹೊತ್ತಿಗೆ ಮನಿಯಿಂದ ಫೋನ್ ಬಂತು.

"ಎಲ್ಲಿದ್ದೀರಿ? ಏನದು ಅಳೂ ಧ್ವನಿ?" ಅಂದ್ರು ಅವರ ಹೆಂಡ್ತಿ.

ಸಾಹುಕಾರ್ರು ಗಡಬಡಿಸಿ, "ಸವಣೂರಾಗ ಗುರುತಿನವ್ರು ತೀರಿಕೊಂಡ್ರು, ಮಣ್ಣಿಗೆ ಬಂದೇನಿ" ಅಂದುಬಿಟ್ರು.

ಮಣ್ಣಿಗೆ ಹೋಗಿ ಬಂದವ್ರು ಜಳಕ ಮಾಡದ ಹೊಸ್ತಿಲ ದಾಟೂ ಹಂಗಿಲ್ಲ. ಹಾನಗಲ್ಲಿಗೆ ಹೋಗೂದ್ರಾಗ ಬಾಗಿಲದಾಗ ಕೊಡಪಾನ ತಯಾರ ಇತ್ತು. ಹಿತ್ತಲಾಗ ನಿಲ್ಲಿಸಿ ತಣ್ಣೀರ ಸುರದ್ರು. ಸಾಹುಕಾರ್ರು ನಡಗಿದ್ರು, ಆದ್ರ ನೆವ ಅಂತೂ ಛಲೋ ಸಿಕ್ತಲ್ಲ ಅಂತ ಒಳಗಾ ಖುಷಿಪಟ್ರು. ಮುಂದಿನ ಐತವಾರ ಮತ್ತ ಮಣ್ಣು. ಅದರ ಮುಂದಿನ ಐತವಾರ ಮತ್ತೊಂದು ಮಣ್ಣು. ಥಂಡಿ ದಿನದಾಗ ನೆಗಡಿ ಆಗಿ ಮೂಗ ಸೋರಿದ್ರೂ ಆಟ ಬಿಡ್ಲಿಲ್ಲ.

ಕಡೀಕ ಒಂದಿನ ಅವರ ಮನಿಯವ್ರು ಕೈಮುಗದು ಅಂದ್ರಂತ: "ನಿಮ್ಮ ಕಾಲ ಬೀಳತೇನಿ, ಇನ್ನ ಆ ಊರಿಗೆ ಹೋಗಬ್ಯಾಡ್ರಿ. ವಾರಕ್ಕೊಬ್ರು ಸಾಯಾಕತ್ತಾರಂದ್ರ ಅಲ್ಲಿ ಏನೋ ದೊಡ್ಡ ಜಡ್ಡ ಬಂದೈತಿ."

ಅಣ್ಣಾವ್ರು ಹಚ್ಚಿದ ವೈರು

ಇಷ್ಟೆಲ್ಲಾ ಇದ್ರೂ ಯುಗಾದಿ ಹತ್ರ ಬಂತು. ಅಂಗಡಿ ಇಬ್ಬರು ಗೌಡ್ರ ಹೆಸರಿಲೆ ಇತ್ತು, ಖಾಲಿ ಮಾಡಸಾಕ ಇಬ್ಬರದೂ ಒಪ್ಪಿಗಿ ಬೇಕು. ತೊಡಕು ಅಂದ್ರ, ಬದುವಿನ ಮ್ಯಾಲಿನ ಒಂದು ಹುಣಸಿ ಗಿಡದ ಸಂಬಂಧ ಇಬ್ಬರೂ ವರ್ಷಾನುಗಟ್ಟಲೆ ಮಾತು ಬಿಟ್ಟಿದ್ರು. ಹಿಂಗಾಗಿ ಹಿರೇಕೆರೂರಿನ ಹಿರಿಯರೊಬ್ರನ್ನ ನಡುವ ಹಾಕ್ಕೊಂಡು ನಮ್ಮ ಅಂಗಡ್ಯಾಗ ಕೂಡೂದಂತ ಆತು. ಗೌಡ್ರಿಬ್ರೂ ಬಂದ್ರು. ಹಿರಿಯರ ಬಸ್ ಬರಲಿಲ್ಲ.

ಒಂದ ಬೆಂಚು, ಈ ತುದಿಗೆ ಅಣ್ಣ, ಆ ತುದಿಗೆ ತಮ್ಮ. ನಡುವ ಕರದ ತಿನಿಸು, ಸವಣೂರ ಖಾರದ ತಾಟು.

"ಅಕ್ಕಾರ, ಅವ್ರಿಗೆ ಖಾರಾ ತಗೊಳ್ಳಾಕ ಹೇಳ್ರಿ" ಅಂದ್ರು ದೊಡ್ಡ ಗೌಡ್ರು.

"ಅಕ್ಕಾರ, ನನ್ನ ಹೊಟ್ಟಿ ತುಂಬೈತಿ ಅಂತ ಹೇಳ್ರಿ ಅವ್ರಿಗೆ" ಅಂದ್ರು ಸಣ್ಣ ಗೌಡ್ರು.

ಕೈಯಳತ್ಯಾಗ ಕುಂತವ್ರಿಗೆ ನಾನು ಟಪಾಲ ಮುಟ್ಟಸಬೇಕು! ನನಗ ತಲಿ ಕೆಟ್ಟು, "ಹಿರಿಯರು ಬರೂತನಕ ಒಂದಾಟ ಆಡ್ರಿ. ಅದಕ್ಕ ಮಾತು ಬೇಕಾಗಿಲ್ಲ" ಅಂತ ಮಿಶಿನ್ ಮುಂದ ಇಟ್ನಿ. ಇಬ್ಬರೂ ಸಣ್ಣವರಿದ್ದಾಗ ದಿನಾ ಇಲ್ಲೇ ಕಾರಿನ ಆಟ ಆಡಿದವ್ರು. ದೊಡ್ಡ ಗೌಡ್ರು ಮಿಶಿನ್ ತಮ್ಮ ಕಡೆ ಎಳಕೊಂಡು, "ನೀವು ಬಿಡ್ರಿ, ಎರಡೂ ರಿಮೋಟಿನ ವೈರ್ ನಾನ ಹಚ್ಚತೇನಿ, ರೂಢಿ ಐತಿ" ಅಂದ್ರು.

ಕೆಂಪ ಕಾರು ಅಣ್ಣಂದು, ನೀಲಿ ಕಾರು ತಮ್ಮಂದು. ಸಣ್ಣ ಗೌಡ್ರು ರಿಮೋಟ್ ಹಿಡದು ಹಂಗ ಎಡಕ್ಕ, ಹಿಂಗ ಬಲಕ್ಕ ವಾಲ್ಯಾಡಿದ್ರು. ನೀಲಿ ಕಾರು ಮುಂದ ಹೋತು. "ನೋಡ್ರಿ ಅಕ್ಕಾರ, ಕೈ ಮರತಿಲ್ಲ! ಸಣ್ಣಾಂವ ಇದ್ದಾಗೂ ಇವ್ರನ್ನ ಸೋಲಿಸ್ತಿದ್ನಿ" ಅಂತ ಮೀಸಿ ತಿರುವಿದ್ರು. ಅಷ್ಟರಾಗ ಚಹಾ ಬಂತು. ಅವ್ರು ರಿಮೋಟ್ ಬದಿಗಿಟ್ಟು ಕಪ್ಪು-ಬಸಿ ಎತ್ತಿದ್ರು.

ನೀಲಿ ಕಾರು ನಿಲ್ಲಲಿಲ್ಲ. ತಿರುವು ಬಂತು, ತಿರುಗಿತು. ಹಳ್ಳ ಬಂತು, ಹಾರಿತು. ಸಣ್ಣ ಗೌಡ್ರು ಬಸಿ ತುಟಿಗೆ ಹಚ್ಚಿಕೊಂಡ ನೋಡಾಕತ್ರು. ಅವರ ಚಹಾ ಅಂಗಿ ಮ್ಯಾಲ ಇಳೀತು, ಕಾರು ಆಟ ಗೆದ್ದು ಬಾವುಟ ಏರಿಸ್ತು.

ನಾನು ಸಣ್ಣ ಗೌಡ್ರ ರಿಮೋಟಿನ ವೈರ್ ಹಿಡದು ಜಗ್ಗಿದ್ನಿ. ಅದರ ತುದಿ ದೊಡ್ಡ ಗೌಡ್ರ ತೊಡಿ ಕೆಳಗಿಂದ ಬಂತು.

ಹುಣಸಿ ಗಿಡ ಒಂದ ಸಾಲದಂಗ ಇದೂ ಒಂದಾತು, ಇನ್ನ ನಮ್ಮ ಅಂಗಡಿ ಗತಿ ಮುಗೀತು ಅಂದ್ಕೊಂಡ್ನಿ.

ಸಣ್ಣ ಗೌಡ್ರು ನನ್ನ ಕಡೆ ನೋಡಲಿಲ್ಲ. ನೆಟ್ಟಗ ಅಣ್ಣಗ ಕೇಳಿದ್ರು. "ಅಣ್ಣಾ, ಆವಾಗೂ ಹಿಂಗ ಮಾಡ್ತಿದ್ದೇನು?"

ದೊಡ್ಡ ಗೌಡ್ರು ಟೀವಿ ನೋಡಕೋತ, "ನೀ ಭಾಳ ಸಣ್ಣಾಂವ ಇದ್ದಿ. ಸೋತ್ರ ಅಳ್ತಿದ್ದಿ. ವೈರ್ ಹಚ್ಚದಿದ್ರ ನಿನ್ನ ಕಾರು ಮಿಶಿನ್ನ ಓಡಿಸಿ ಗೆಲ್ಲತಿತ್ತು, ನೀ ಕುಣೀತಿದ್ದಿ. ಸುಮ್ನಿದ್ನಿ" ಅಂದ್ರು.

"ಊರ ತುಂಬ ಹೇಳ್ಕೊಂಡ ತಿರಗ್ಯಾಡೀನಲ್ಲೋ ಅಣ್ಣಾ! ಹೆಂಡ್ತಿಗೆ ಹೇಳೀನಿ, ಬೀಗರಿಗೆ ಹೇಳೀನಿ!"

ಅಷ್ಟರಾಗ ಹಿರಿಯರು ಬೆವರ ಒರಸಕೋತ ಬಂದು, "ತಡಾ ಆತು. ಏನ್, ಅಂಗಡಿ ಖಾಲಿ ಮಾಡೂ ವಿಚಾರ ಮುಗಸೂಣೇನು?" ಅಂದ್ರು.

"ಎಲ್ಲಿ ಮುಗಸೂದ್ರಿ?" ಅಂದ್ರು ಸಣ್ಣ ಗೌಡ್ರು. "ನಾನು ಈ ಜನ್ಮದಾಗ ಇನ್ನೂ ಒಂದ ಆಟಾನೂ ಆಡಿಲ್ಲ. ನನ್ನ ಪಾಲಿನ ಆಟ ಮುಗಿಯೂತನಕ ಈ ಅಂಗಡಿ ಅಲಗ್ಯಾಡಂಗಿಲ್ಲ." ಅಣ್ಣ ಖಾರದ ತಾಟು ತಮ್ಮನ ಕಡೆ ಸರಸಿದ್ರು. ತಮ್ಮ ತಗೊಂಡ್ರು.

ದೊಡ್ಡ ಗೌಡ್ರ ಹೆಂಡ್ತಿ ತಮ್ಮನ ಮೊಬೈಲ್ ಅಂಗಡಿ ಈಗ ಬಸ್ ಸ್ಟ್ಯಾಂಡ್ ಕಡೆ ಐತಿ. ಗೌಡ್ರಿಬ್ರೂ ಸಂತಿ ದಿನ ಜೋಡಿಲೆ ನಮ್ಮಲ್ಲಿಗೆ ಬರ್ತಾರ. ಸಣ್ಣ ಗೌಡ್ರು ಮೊದಲ ಎರಡೂ ವೈರ್ ಜಗ್ಗಿ ಜಗ್ಗಿ ನೋಡಿ, ಆಮ್ಯಾಲ ಕುಂದ್ರತಾರ. ಕುಂತು ಅಣ್ಣನ್ನ ಹಿಗ್ಗಾಮುಗ್ಗಾ ಸೋಲಸ್ತಾರ, ಖರೇವಂದ್ರ ಖರೇ ಸೋಲಸ್ತಾರ. ಹೋದ ಸಂತಿಗೆ ಅವ್ರು ಎಲಿ-ಅಡಿಕಿ ತರಾಕ ಹೊರಗ ಹೋಗಿದ್ರು. ದೊಡ್ಡ ಗೌಡ್ರು ಸರ್ರನ ನನ್ನ ಹತ್ರ ಬಂದು, ದನಿ ಸಣ್ಣ ಮಾಡಿ ಅಂದ್ರು:

"ಅಕ್ಕಾರ, ಅಂಗಡಿ ನೀವ ಇಟ್ಕೊಳ್ರಿ, ಎಷ್ಟ ವರ್ಷರ ಇಟ್ಕೊಳ್ರಿ. ಮಿಶಿನ್ ಕೈಲೆ ಸೋತ್ರ ನಡಿತೈತಿ, ತಮ್ಮನ ಕೈಲೆ ಸೋತು ಸಾಕಾತು. ಅವನ ವೈರ್ ಮಾತ್ರ ಒಂದೀಟು ಸಡ್ಲ ಮಾಡ್ರಿ."