ನನ್ನ ಎಡ ಹಿಮ್ಮಡಿಯವರ ಸನ್ನಿಧಾನಕ್ಕೆ

ಇವರಿಗೆ:
ಶ್ರೀಯುತ ಎಡ ಹಿಮ್ಮಡಿಯವರು,
ಅಂಗಾಲಿನ ಹಿಂಭಾಗ, ಸೊವೆಟೊ, ಜೋಹಾನ್ಸ್‌ಬರ್ಗ್.

ಮಾನ್ಯರೇ,

ತಮ್ಮ ಕ್ಷೇಮಕ್ಕಾಗಿ ಈ ಏಪ್ರಿಲ್‌ನಿಂದ ಹಗಲಿರುಳು ಚಿಂತಿಸುತ್ತಿರುವ ಸೆಯಿಪಾಟಿ ಮೊಕ್ವೆನಾ ಎಂಬ ನಾನು ಮಾಡುವ ಸವಿನಯ ವಂದನೆಗಳು. ಐವತ್ತೇಳು ವರ್ಷ ಒಂದೇ ಮೈಯಲ್ಲಿ ಬಾಳಿದರೂ ನಮ್ಮಿಬ್ಬರ ನಡುವೆ ಪತ್ರವ್ಯವಹಾರದ ಅಗತ್ಯ ಬಂದಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತು, ಬಂದ ದೂರಿನ ಮೇಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂದು ಮುದ್ರೆ ಒತ್ತಿ ನಿವೃತ್ತಳಾದವಳು ನಾನು. ಸ್ವತಃ ದೂರು ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಮನ್ನಿಸಬೇಕು.

ನಮ್ಮೂರ ಮ್ಯಾರಥಾನ್‌ನ ನಿಯಮ ತಮಗೆ ತಿಳಿಯದ್ದಲ್ಲ. ಆರು ತಾಸಿನ ಗಡುವಿನೊಳಗೆ ಹತ್ತು ಸಲ ಓಟ ಮುಗಿಸಿದವರ ಎದೆಯ ಮೇಲಿನ ಸಂಖ್ಯೆ ಜೀವಮಾನಪೂರ್ತಿ ಅವರದೇ ಆಗುತ್ತದೆ, ಮತ್ತೆ ಬೇರೆ ಯಾರೂ ಅದನ್ನು ತೊಡುವಂತಿಲ್ಲ. ನನ್ನದು 4417. ಒಂಬತ್ತು ಓಟ ತಮ್ಮ ಕೃಪೆಯಿಂದಲೇ ಮುಗಿದಿದ್ದವು. ಬರುವ ವರ್ಷದಿಂದ ಗಡುವು ಐದೂವರೆ ತಾಸಿಗೆ ಇಳಿಯುತ್ತದೆ ಎಂದು ಆಯೋಜಕರು ಸಾರಿದ ಮೇಲೆ, ನನ್ನ ವೇಗದವಳಿಗೆ ಈ ವರ್ಷ ಬಿಟ್ಟರೆ ಇಲ್ಲ ಎಂಬುದು ಖಚಿತವಾಯಿತು. ಸರಿಯಾಗಿ ಆ ವಾರವೇ ತಾವು ಮುಷ್ಕರ ಹೂಡಿದಿರಿ.

ತಮ್ಮ ಕಾರ್ಯಶೈಲಿಯನ್ನು ಹೊಗಳದೆ ಇರಲಾರೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಟ್ಟ ಮೊದಲ ಹೆಜ್ಜೆಗೇ ಮೊಳೆ ತುಳಿದಂತೆ ಕಿರುಚಿಸುತ್ತಿದ್ದ ತಾವು, ಎರಡು ಟ್ಯಾಕ್ಸಿ ಬದಲಿಸಿ ಫಿಸಿಯೋಥೆರಪಿಯ ಆನೆಕೆಯವರ ಮುಂದೆ ಕೂರಿಸಿದ ಕೂಡಲೇ ಹಾಲು ಕುಡಿದ ಕೂಸಿನಂತೆ ಮಲಗಿಬಿಡುತ್ತಿದ್ದಿರಿ. ಆಕೆ ಒತ್ತಿದರೂ ಇಲ್ಲ, ತಿರುಚಿದರೂ ಇಲ್ಲ. ನನ್ನನ್ನೇ ಸುಳ್ಳಿಯೆಂಬಂತೆ ನೋಡಿ, ಕೊನೆಗೆ ಆಕೆ, “ಓಡಿದ್ರೆ ಹರಿದುಹೋಗಲ್ಲ. ಆದ್ರೆ ಹರಿದುಹೋಯ್ತು ಅಂತ ಅನ್ನಿಸ್ತಾನೇ ಇರತ್ತೆ, ಅಷ್ಟೆ,” ಎಂದು ಅನುಮತಿ ಕೊಟ್ಟರು. ಅಂದಿನಿಂದ ನೀರಿನ ಬಾಟಲಿಯನ್ನು ಮಂಜುಗಡ್ಡೆ ಮಾಡಿ, ದಿನಕ್ಕೆರಡು ಸಲ ಟಿವಿ ಧಾರಾವಾಹಿ ನೋಡುತ್ತ ತಮ್ಮ ಕೆಳಗೆ ಉರುಳಿಸಿದೆ. ಮಗಳ ಮದುವೆಯಲ್ಲಿ ಎಲ್ಲರೂ ಹೊಸ ಮೆಟ್ಟು ತೊಟ್ಟಾಗ ತಮಗೋಸ್ಕರ ಓಟದ ಬೂಟು ತೊಟ್ಟು ಫೋಟೋಗೆ ನಿಂತೆ. ಬೀಗರು ಇನ್ನೂ ಆ ಮಾತು ಬಿಟ್ಟಿಲ್ಲ.

ಓಟದ ದಿನ ನಾನು ಆರು ತಾಸಿನ ಬಸ್ಸು ಹತ್ತಿದೆ. ನಿಧಾನ ಓಟಗಾರರು ಗುಂಪು ಕಟ್ಟಿ, ಹಾಡು ಹೇಳುತ್ತ, ಬಾವುಟ ಹಿಡಿದ ಒಬ್ಬನ ಹಿಂದೆ ಓಡುವುದಕ್ಕೆ ನಮ್ಮಲ್ಲಿ ಬಸ್ಸು ಎನ್ನುತ್ತಾರೆ, ಬಾವುಟದವನೇ ಡ್ರೈವರ್. ನಮ್ಮ ಡ್ರೈವರ್ ಮೊದಿರಿ ವಾರದ ಆರು ದಿನ ನಿಜವಾಗಿಯೂ ಟ್ಯಾಕ್ಸಿ, ಅಂದರೆ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುವ ನಮ್ಮೂರ ವ್ಯಾನು, ಓಡಿಸುವವನು, ಒಂದು ಕಾಲು ಒಳಗಿಟ್ಟರೆ ಸಾಕು, ಇನ್ನೊಂದು ಕಾಲಿಗೆ ಕಾಯದೆ ಹೊರಟುಬಿಡುವ ಆಸಾಮಿ. ವಯಸ್ಸಾದವಳೆಂದು ಗೌರವ ಕೊಟ್ಟು ನನ್ನನ್ನು ಮುಂದಿನ ಸಾಲಿನಲ್ಲಿ, ತನ್ನ ಪಕ್ಕದಲ್ಲೇ ಓಡಿಸಿದ. ಆ ಗೌರವವೇ ಮುಳುವಾಯಿತು.

ಇಪ್ಪತ್ತನಾಲ್ಕನೆಯ ಕಿಲೋಮೀಟರಿನಲ್ಲಿ ತಾವು ಎಚ್ಚರಗೊಂಡಿರಿ, ನಾನು ಕುಂಟತೊಡಗಿದೆ. ಬಸ್ಸಿನ ಹಾಡಿಗೆ ಡೋಲಿಲ್ಲ, ಮುಂದಿನ ಸಾಲಿನ ಹೆಜ್ಜೆಯೇ ತಾಳ. ನನ್ನ ಕುಂಟು ತಾಳಕ್ಕೆ ಇಳಿಯಿತು, ತಾಳದಿಂದ ಹಾಡಿಗೆ ಏರಿತು, ಹಾಡಿನಿಂದ ಎಲ್ಲರ ಕಾಲಿಗೂ ಹರಡಿತು. ಸ್ವಲ್ಪ ಹೊತ್ತಿನಲ್ಲೇ ಮೂವತ್ತೆರಡು ಜನ ಆರೋಗ್ಯವಂತರು, ತಮಗೇ ಗೊತ್ತಿಲ್ಲದಂತೆ, ಎಡಗಾಲು ಎಳೆಯುತ್ತ ಜೋಹಾನ್ಸ್‌ಬರ್ಗಿನ ಏರುರಸ್ತೆ ಹತ್ತುತ್ತಿದ್ದರು. ಒಂದು ಕಾಲಿನ ಆಡಳಿತವನ್ನು ಮೂವತ್ತಮೂರಕ್ಕೆ ವಿಸ್ತರಿಸಿದ ತಮ್ಮ ದಕ್ಷತೆಗೆ ಯಾವ ಮಂತ್ರಿಯಾದರೂ ಕರುಬಬೇಕು.

ಮೂವತ್ತಮೂರನೆಯ ಕಿಲೋಮೀಟರಿನಲ್ಲಿ ಮೊದಿರಿ ಗಡಿಯಾರ ನೋಡಿಕೊಂಡ. ನಾಲ್ಕು ನಿಮಿಷ ತಡವಾಗಿತ್ತು. ನನ್ನೊಬ್ಬಳ ಹಿಮ್ಮಡಿಯಿಂದ ಇಷ್ಟು ಜನ ವರ್ಷವಿಡೀ ಪಟ್ಟ ಪಾಡು ಮಣ್ಣುಪಾಲಾಗುವುದನ್ನು ನನ್ನಿಂದ ನೋಡಲಾಗಲಿಲ್ಲ. ನಮ್ಮ ಟ್ಯಾಕ್ಸಿಗಳಲ್ಲಿ ಗಂಟೆ ಇರುವುದಿಲ್ಲ, ಇಳಿಯಬೇಕಾದವರು ಬಾಯಿಬಿಟ್ಟು ಹೇಳಬೇಕು. ನಾನೂ ಹಾಗೇ ಹೇಳಿದೆ.

“ಸಿಗ್ನಲ್ ದಾಟಿದ ಮೇಲೆ ಇಳೀತೀನಿ, ಡ್ರೈವರ್.”

ಮೊದಿರಿ ತಿರುಗಿಯೂ ನೋಡಲಿಲ್ಲ. “ಅಲ್ಲಿ ಸ್ಟಾಪಿಲ್ಲ, ಮಾ. ಸ್ಟೇಡಿಯಂ ಬಿಟ್ರೆ ಇವತ್ತು ಎಲ್ಲೂ ನಿಲ್ಸಲ್ಲ.”

ಹಿಂದಿನ ಸಾಲಿನಿಂದ ಯಾವಳೋ, “ಸುಮ್ನೆ ಕೂತ್ಕೊಳಮ್ಮ, ಚಾರ್ಜ್ ಕೊಟ್ಟಾಗಿದೆ,” ಎಂದಳು. ಬಸ್ಸೆಲ್ಲ ನಕ್ಕಿತು. ನನಗೆ ಮಾತ್ರ ಅಳು ಬಂತು.

ಆಮೇಲೆ ಮೊದಿರಿ ಹಾಡು ಬದಲಿಸಿದ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಬೀದಿಯಲ್ಲಿ ಎಡಗಾಲು ಎಳೆದೆಳೆದು ಕುಣಿದುಬರುವ ಹಾಡೊಂದು ನಮ್ಮಲ್ಲಿದೆ. ಅದನ್ನೇ ಎತ್ತಿಕೊಂಡ, ಮದುವೆಯಲ್ಲಿ ಹಾಡುವುದಕ್ಕಿಂತ ಇಮ್ಮಡಿ ವೇಗದಲ್ಲಿ. ಕುಂಟುವುದೇ ಹೆಜ್ಜೆಯಾದ ಮೇಲೆ ತಾವು ಎಷ್ಟು ಚುಚ್ಚಿದರೂ ನಾನು ತಾಳ ತಪ್ಪುವಂತಿರಲಿಲ್ಲ. ಮಗಳ ಮದುವೆಯಲ್ಲಿ ತಮ್ಮ ದೆಸೆಯಿಂದ ಕುಣಿಯದೆ ಉಳಿದದ್ದನ್ನೆಲ್ಲ ಅಂದು ಒಂಬತ್ತು ಕಿಲೋಮೀಟರ್ ಕುಣಿದೆ. ಸ್ಟೇಡಿಯಮ್ಮಿನಲ್ಲಿ ಗಡುವು ಮುಗಿದದ್ದನ್ನು ಗುಂಡು ಹಾರಿಸಿ ಸಾರುವ ಅಧಿಕಾರಿ, ಪದ್ಧತಿಯಂತೆ ನಮಗೆ ಬೆನ್ನು ಹಾಕಿ, ಪಿಸ್ತೂಲು ಮೇಲೆತ್ತಿ ನಿಂತಿದ್ದರು. ನಾವು ಗೆರೆ ದಾಟಿ ಹನ್ನೊಂದು ಸೆಕೆಂಡಿಗೆ ಗುಂಡು ಹಾರಿತು. ಬಸ್ಸಿನಿಂದ ಒಬ್ಬರೂ ಕೆಳಗಿಳಿದಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ಇನ್ನು ಮುಂದೆ ನೋವು ಕೊಡುವುದಿದ್ದರೆ ಏಳು ದಿನ ಮೊದಲೇ ಲಿಖಿತ ನೋಟೀಸು ಕೊಡಬೇಕು. ಆನೆಕೆಯವರ ಮುಂದೆ ಖುದ್ದಾಗಿ ಹಾಜರಾಗಿ ನಾನು ಸುಳ್ಳಿಯಲ್ಲವೆಂದು ಹೇಳಿಕೆ ಕೊಡಬೇಕು. ಹಾಗೂ ಬೀಗರ ಮನೆಗೆ ಹೋಗಿ ಬೂಟಿನ ಹೊಣೆ ತಮ್ಮದೆಂದು ಒಪ್ಪಿಕೊಳ್ಳಬೇಕು. ನಾನು ಕರೆದುಕೊಂಡು ಹೋಗುತ್ತೇನೆ, ತಾವೊಬ್ಬರೇ ಹೋಗಲಾರಿರಿ.

ಇಂತು, ಬೇರೆ ದಾರಿಯಿಲ್ಲದೆ ತಮ್ಮನ್ನೇ ನೆಚ್ಚಿ ನಿಂತಿರುವ
ತಮ್ಮ ವಿಶ್ವಾಸಿ,
ಸೆಯಿಪಾಟಿ ಮೊಕ್ವೆನಾ
(ಸಂಖ್ಯೆ 4417, ಶಾಶ್ವತ)

ಮರೆತ ಮಾತು: ಮುಂದಿನ ವರ್ಷದ ಐದೂವರೆ ತಾಸಿನ ಬಸ್ಸಿನಲ್ಲಿ ನನಗೆ ಸೀಟು ಹಿಡಿದಿರುವುದಾಗಿ ಮೊದಿರಿ ಹೇಳಿಕಳಿಸಿದ್ದಾನೆ. ಸುದ್ದಿ ತಮಗೂ ಮುಟ್ಟಿರಬೇಕು, ಏಕೆಂದರೆ ಇಂದು ಬೆಳಿಗ್ಗೆ ಹಾಸಿಗೆಯಿಂದಿಳಿದ ಕೂಡಲೇ ತಾವು ಸಲ್ಲಿಸಿದ ದೂರು ನನ್ನ ಕೈಸೇರಿದೆ. ಪರಿಶೀಲನೆಯಲ್ಲಿದೆ.