ಆರು ವೋಲ್ಟಿನ ಉಪಕಾರ

ಶಾಲೆಯ ಗುಮಾಸ್ತರು ಕಾರಿನ ದೀಪ ಆರಿಸಲು ಮರೆತದ್ದಲ್ಲ. ಬೇಕೆಂದೇ ರಾತ್ರಿಯೆಲ್ಲ ಉರಿಯಲು ಬಿಟ್ಟಿದ್ದರು. ಬೆಳಗ್ಗೆ ಕೀಲಿ ತಿರುಗಿಸಿದಾಗ ಕಾರು ಕಮಕ್ ಕಿಮಕ್ ಎನ್ನಲಿಲ್ಲ. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅದು ಮಾವ ಬಿಟ್ಟುಹೋದ ಅರವತ್ತು ವರ್ಷದ ಹಳೆಯ ಕಾರು. "ಓಡಿಸೋಕೆ ಬರುತ್ತಾ?" ಎಂದು ಹನ್ನೆರಡು ವರ್ಷದ ಹಿಂದೆ ಯಾರೋ ಕೇಳಿದಾಗ "ಕಣ್ಮುಚ್ಚಿಕೊಂಡು ಓಡಿಸ್ತೀನಿ" ಎಂದುಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಕಣ್ಣು ಬಿಟ್ಟುಕೊಂಡೂ ಬರುತ್ತಿರಲಿಲ್ಲ. ಭಾನುವಾರ ಒರೆಸಿ, ಎಂಜಿನ್ ಗುರ್ ಎನ್ನಿಸಿ, ಮತ್ತೆ ಹೊದಿಕೆ ಹೊದಿಸುತ್ತಿದ್ದರು. ಅಷ್ಟಕ್ಕೇ ಬೀದಿಯವರು ಅವರನ್ನು ಮಹಾ ಸಾರಥಿ ಎಂದು ನಂಬಿದ್ದರು. ಈಗ ಅವರದೇ ಶಾಲೆಯ ದೊಡ್ಡ ಟೀಚರ್ ನಿವೃತ್ತರಾಗುವ ದಿನ. ಸಂಜೆ ನಾಲ್ಕಕ್ಕೆ ಗುಮಾಸ್ತರ ಕಾರಿನಲ್ಲೇ ಅವರನ್ನು ಮನೆಗೆ ಕಳಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು.

"ಏನ್ಮಾಡೋದು, ಬ್ಯಾಟರಿ ಕೈಕೊಡ್ತು," ಎಂದು ಗುಮಾಸ್ತರು ಮುಖ ಸಣ್ಣದು ಮಾಡಿಕೊಂಡರು.

ಪಕ್ಕದ ಮನೆಯ ಕಂಪೌಂಡರ್ ಆಗಲೇ ಅದನ್ನು ಬಿಚ್ಚಿ ಸ್ಕೂಟರಿನ ಮೇಲಿಟ್ಟಿದ್ದ. "ಅಷ್ಟೇ ತಾನೇ? ಹತ್ತಿ ಸಾರ್, ಹೊಸದು ತರೋಣ!"

ಅಂಗಡಿಯಲ್ಲಿ ಗುಮಾಸ್ತರು ಎಲ್ಲಕ್ಕಿಂತ ದೊಡ್ಡ ಬ್ಯಾಟರಿಯ ಮೇಲೆ ಕೈಯಿಟ್ಟರು. "ಇದೇ ಇರಲಿ. ಗಟ್ಟಿಮುಟ್ಟಾಗಿದೆ."

"ಅದು ಲಾರೀದು ಸಾರ್," ಎಂದ ಅಂಗಡಿಯವನು. "ನಿಮ್ಮದು ಆರು ವೋಲ್ಟು. ನೋಡಿ, ಮೇಲೆ ಮೂರೇ ಮುಚ್ಚಳ. ಇದನ್ನ ಹಾಕಿದ್ರೆ ಬಲ್ಬೆಲ್ಲ ಢಮಾರ್!"

"ಹಾಗಾದ್ರೆ ಈ ಪುಟ್ಟದು?"

"ಅದು ಬೈಕಿಂದು. ಹಾರನ್ ಕೂಗುತ್ತೆ ಅಷ್ಟೇ, ಕಾರು ಕದಲಲ್ಲ."

ಗುಮಾಸ್ತರ ಕಣ್ಣು ಹೊಳೆಯಿತು. "ಅದನ್ನೇ ಕೊಡಿ!"

ಕಂಪೌಂಡರ್ ಗಾಬರಿಯಿಂದ ಅವರ ಹಣೆ ಮುಟ್ಟಿ ನೋಡಿದ. "ಜ್ವರ ಇಲ್ವಲ್ಲ ಸಾರ್! ದೊಡ್ಡ ಟೀಚರನ್ನ ಕೂರಿಸ್ಕೊಂಡು ನಾವು ತಳ್ಳೋಕಾಗುತ್ತಾ?"

"ಆರು ವೋಲ್ಟಿಂದು ಈಗೆಲ್ಲಿ ಸಿಗುತ್ತೆ? ಬಿಡಪ್ಪ, ಹೋಗೋಣ," ಎನ್ನುತ್ತ ಗುಮಾಸ್ತರು ಬಾಗಿಲ ಕಡೆ ತಿರುಗಿದರು.

"ಯಾರಿಗೆ ಅಂದ್ರಿ? ದೊಡ್ಡ ಟೀಚರಿಗಾ?" ಅಂಗಡಿಯವನು ಒಳಗೆ ಓಡಿದ. ತನ್ನ ತಂದೆಯ ಹಳೇ ಕಾರಿಗೆಂದು ತರಿಸಿಟ್ಟಿದ್ದ ಬ್ಯಾಟರಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದ. "ಅಪ್ಪನಿಗೆ ಇನ್ನೊಂದು ತರಿಸ್ತೀನಿ. ನನಗೆ ಮಗ್ಗಿ ಬರದಿದ್ದಾಗ ದಿನಾ ಸಂಜೆ ಪಕ್ಕದಲ್ಲಿ ಕೂತು ಕಲಿಸಿದೋರು ಅವರು. ನಡೀರಿ, ನಾನೇ ಬಂದು ಹಾಕಿಕೊಡ್ತೀನಿ."

ಕೆಟ್ಟವರ ಕೈಗೆ ಸಿಕ್ಕವನು ಹೇಗೋ ತಪ್ಪಿಸಿಕೊಳ್ಳಬಹುದು. ಒಳ್ಳೆಯವರ ಕೈಗೆ ಸಿಕ್ಕವನು ಎಲ್ಲಿಗೆ ಹೋದಾನು?

ನಾಲ್ಕು ಗಂಟೆಗೆ ಎಂಜಿನ್ ಒಂದೇ ತಿರುವಿಗೆ ಹೂಂಕರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೇರಿಂಗ್ ಹಿಡಿದು ಕೂತ ಗುಮಾಸ್ತರ ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. "ನನಗೆ... ಅಂದ್ರೆ... ನಿಜ ಏನಪ್ಪಾ ಅಂದ್ರೆ..."

"ಸ್ವಲ್ಪ ಆ ಕಡೆ ಸರೀರಿ," ಎಂದರು ದೊಡ್ಡ ಟೀಚರ್. "ಇವತ್ತು ನನ್ನ ದಿನ. ನಾನೇ ಓಡಿಸ್ತೀನಿ."

ಗುಮಾಸ್ತರಿಗೆ ಹೋದ ಜೀವ ಬಂತು.

ಗೇರು ಕರಕರ ಎಂದರೂ ಕಾರು ಮಾತು ಕೇಳಿತು. ತಿರುವು ದಾಟಿದ ಮೇಲೆ ಟೀಚರ್ ಮೆಲ್ಲಗೆ ಕೇಳಿದರು: "ಬ್ರೇಕ್ ಯಾವುದು, ಗೊತ್ತಾ?"

"ಇಲ್ಲ ಮೇಡಂ." ಹನ್ನೆರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಿ ಗುಮಾಸ್ತರ ಎದೆ ಹತ್ತಿಯಷ್ಟು ಹಗುರವಾಯಿತು.

"ಅಂದ್ಕೊಂಡೆ. ಬಿಸಿ ಪಾತ್ರೆ ಹಿಡಿದ ಹಾಗೆ ಸ್ಟೇರಿಂಗ್ ಹಿಡಿದಿದ್ರಿ. ಕಾರು ನಮ್ಮ ಮನೇಲೇ ಇರಲಿ. ನಾಳೆಯಿಂದ ಬೆಳಗ್ಗೆ ಆರಕ್ಕೆ ಬನ್ನಿ, ಕಲಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಸ್ಕೂಟರುಗಳಲ್ಲಿ ಹಿಂದೆಯೇ ಬಂದಿದ್ದವರು ಟೀಚರ ಮನೆ ಮುಂದೆ ಕಾರನ್ನು ಸುತ್ತುವರಿದರು. "ಸಾರ್, ವಾಪಸ್ ಹೋಗುವಾಗ ಒಂದು ರೌಂಡ್ ನಮ್ಮನ್ನೂ ಕೂರಿಸ್ಕೊಳ್ಳಿ!"

"ಕಾರು ಇಲ್ಲೇ ಇರುತ್ತೆ," ಎಂದು ಟೀಚರ್ ಕೀಲಿಕೈಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ನನ್ನ ಕೈ ತುಕ್ಕು ಹಿಡಿದಿದೆ. ಗುಮಾಸ್ತರು ದಿನಾ ಬೆಳಗ್ಗೆ ಬಂದು ನನಗೆ ಹೇಳಿಕೊಡ್ತಾರೆ."

ಗುಮಾಸ್ತರ ಕಣ್ಣು ತುಂಬಿ ಬಂತು. ಮಾನ ಉಳಿಯಿತು.

"ಅಂದ್ರೆ, ದೊಡ್ಡ ಟೀಚರಿಗೇ ಪಾಠ ಹೇಳೋರು ನೀವು!" ಕಂಪೌಂಡರ್ ಅವರ ಎರಡೂ ಕೈ ಹಿಡಿದುಕೊಂಡ. "ನನ್ನ ಮಗಳಿಗೂ ಕಲಿಸಿಬಿಡಿ ಸಾರ್. ನಾಳೆ ಆರೂವರೆಗೆ ಕಳಿಸ್ತೀನಿ."

"ನಮ್ಮ ಮನೆಯವಳನ್ನೂ ಸೇರಿಸ್ಕೊಳ್ಳಿ," ಎಂದ ಅಂಗಡಿಯವನು. "ಏಳಕ್ಕೆ ಬರ್ತಾಳೆ."

ಗುಮಾಸ್ತರು ನಡೆದುಕೊಂಡು ಮನೆ ತಲುಪುವಷ್ಟರಲ್ಲಿ ಅವರಿಗೆ ಏಳು ಜನ ಶಿಷ್ಯರಾಗಿದ್ದರು.