ಬ್ಯಾಡಗಿ ಚೀಲದ ಸ್ಟುಡಿಯೋ

ಸಿನೆಮಾ ತೆಗೆಯುವುದನ್ನು ನಾನು ಯಾರ ಹತ್ತಿರವೂ ಕಲಿಯಲಿಲ್ಲ. ಈ ಮಾತನ್ನು ಮೊದಮೊದಲು ಅಭಿಮಾನದಿಂದ ಹೇಳುತ್ತಿದ್ದೆ. ಈಗ ಯಾರಾದರೂ ತಪ್ಪು ತೋರಿಸಿದಾಗ ಸಬೂಬಾಗಿ ಹೇಳುತ್ತೇನೆ. ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಚಿತ್ರಕಲಾ ಮಾಸ್ತರನಾಗಿದ್ದ ನನಗೆ ತೊಂಬತ್ತನೇ ಇಸವಿಯ ಸುಮಾರಿಗೆ ಒಂದು ಹಳೆಯ ವಿಡಿಯೋ ಕ್ಯಾಮೆರಾ ಸಿಕ್ಕಿತು. ಜೊತೆಗೆ ಬಂದ ಪುಸ್ತಕ ಜಪಾನಿ ಭಾಷೆಯಲ್ಲಿತ್ತು. ಚಿತ್ರ ನೋಡಿ ಅರ್ಥ ಮಾಡಿಕೊಂಡೆ. ಚಿತ್ರವಿಲ್ಲದ ಪುಟಗಳಲ್ಲಿ ಮಹತ್ವದ್ದೇನೂ ಇರಲಾರದು ಎಂದು ಚಿತ್ರಕಲಾ ಮಾಸ್ತರನಿಗೆ ಅನಿಸುವುದು ಸಹಜ. ಆರು ತಿಂಗಳು ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನೇ ತೆಗೆತೆಗೆದು ಕೈ ಪಳಗಿಸಿಕೊಂಡೆ. "ಮಂದಿ ಮನ್ಯಾಗ ಗಂಡಸ್ರು ರೊಟ್ಟಿ ತಿಂತಾರ, ನಮ್ಮನ್ಯಾಗ ನೋಡ್ತಾರ" ಎಂದು ಅವಳು ನೆರೆಯವರಿಗೆ ಹೇಳುತ್ತಿದ್ದಳು.

ಆಮೇಲೆ ಮನೆಯ ಮೇಲಿನ ಕೋಣೆಯಲ್ಲಿ ಸ್ಟುಡಿಯೋ ಕಟ್ಟಲು ಹೊರಟೆ. ಮೊದಲು ಬೋರ್ಡು ಬರೆದೆ, ಅದು ನನಗೆ ಗೊತ್ತಿದ್ದ ಕೆಲಸ. ಬೋರ್ಡು ಬಹಳ ಚೆನ್ನಾಗಿ ಬಂತು. ಆದರೆ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಯಾರು ಏನು ಮಾತಾಡಿದರೂ ಹಿಂದೆ ಜೋಳ ಬೀಸುವ ಸದ್ದು. ನನ್ನ ಹೆಂಡತಿಯ ತಮ್ಮ ಮಂಜುನಾಥ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿದ್ದ. ಅಲ್ಲಿ ಚೀಲಗಳ ನಡುವೆ ಕೂತಾಗ ಹೊರಗಿನ ಗದ್ದಲ ಕೇಳುವುದಿಲ್ಲ ಎಂಬುದನ್ನು ನಾನೇ ಗಮನಿಸಿದ್ದೆ. ಅವನಿಗೆ ಹೇಳಿಕಳಿಸಿ ಹಳೆಯ ಗೋಣಿಚೀಲ ತರಿಸಿದೆ. "ಅವನ್ನ ಒಗದು ಹಾಕ್ರಿ" ಎಂದಳು ಶಾಂತಾ. ಒಗೆದರೆ ಗೋಣಿಯ ಜುಂಗು ಹೋಗುತ್ತದೆ, ಸದ್ದು ಹೀರುವುದೇ ಆ ಜುಂಗು, ಇದೆಲ್ಲ ಟೆಕ್ನಿಕಲ್ ವಿಷಯ ಎಂದು ತಿಳಿಸಿ ಹೇಳಿದೆ. ಮಂಜುನಾಥನೂ ನನ್ನ ಪಕ್ಷ ವಹಿಸಿದ. "ಝಾಡಿಸಿ ತಂದೇನ್ರಿ ಮಾಮಾ. ಮತ್ತ ನಮ್ಮ ಕಾಯಿ ಬಣ್ಣಕ್ಕ ಹೆಸರಾಗೇತ್ರಿ, ಖಾರಕ್ಕಲ್ಲ." ನಾಲ್ಕೂ ಗೋಡೆಗೆ, ಮೇಲಿನ ತೊಲೆಗೆ, ಬಾಗಿಲಿನ ಬೆನ್ನಿಗೆ ಚೀಲ ಹೊಡೆದೆ. ಗಿರಣಿ ನಿಂತೇಹೋಯಿತೇನೋ ಅನ್ನುವಷ್ಟು ಶಾಂತಿ.

ಮೊದಲ ಗಿರಾಕಿ ಕುಪ್ಪೇಲೂರಿನ ವೀರಭದ್ರಪ್ಪ. ಮಗಳು ಸುಮಂಗಲಾಗೆ ಸೊಲ್ಲಾಪುರದ ಬಟ್ಟೆ ಅಂಗಡಿಯವರ ಮನೆಯಿಂದ ಸಂಬಂಧ ಬಂದಿತ್ತು. ಸುಗ್ಗಿ ಮುಗಿಯುವವರೆಗೆ ಇವರು ಅಲ್ಲಿಗೆ ಹೋಗುವಂತಿಲ್ಲ, ಅಂಗಡಿ ಬಿಟ್ಟು ಅವರು ಇಲ್ಲಿಗೆ ಬರುವಂತಿಲ್ಲ. ಹುಡುಗಿ ನಾಲ್ಕು ಮಾತಾಡಿದ್ದನ್ನು ವಿಡಿಯೋ ಮಾಡಿ ಕಳಿಸಿರೆಂದು ಅವರು ಬರೆದಿದ್ದರು. "ನನ್ನ ಮಗಳ ಬಾಳೇವು ಇದರ ಮ್ಯಾಲ ಐತ್ರಿ ಮಾಸ್ತರ" ಎಂದರು ವೀರಭದ್ರಪ್ಪ. ನನ್ನ ಸ್ಟುಡಿಯೋದ ಬಾಳೂ ಅದರ ಮೇಲೆಯೇ ಇತ್ತು, ಹೇಳಲಿಲ್ಲ ಅಷ್ಟೆ.

ಅವರನ್ನು ಕೆಳಗೆ ಚಹಾಕ್ಕೆ ಕೂರಿಸಿ ತಾಯಿ-ಮಗಳನ್ನು ಮೇಲೆ ಕರೆದೊಯ್ದೆ. ಸದ್ದಾಗಬಾರದೆಂದು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಎರಡು ದೊಡ್ಡ ಲೈಟು ಹಾಕಿದೆ. ಲೈಟಿನ ಬಿಸಿಗೆ ಗೋಣಿಗಳು ಕಾದವು. ಸುಮಂಗಲಾ ಹೆಸರು ಹೇಳಿದಳು, ಪಿಯುಸಿ ಆಗೇತಿ ಅಂದಳು, ಸೀನಿದಳು. "ಲೈಟಿಗೆ ಹಿಂಗ ಆಕ್ಕೇತೇನ್ರಿ ಸರ?" ಎಂದು ಕೇಳಿದಳು. "ಹೂನವಾ, ದೊಡ್ಡ ದೊಡ್ಡ ನಟಿಯರಿಗೂ ಆಕ್ಕೇತಿ" ಎಂದೆ. ಆಗಿನ ಕ್ಯಾಮೆರಾದಲ್ಲಿ ನಾವು ಕಣ್ಣಿಟ್ಟು ನೋಡುವ ಕಿಂಡಿ ಕಪ್ಪು-ಬಿಳುಪು. ಹುಡುಗಿಯ ಕಣ್ಣು ಕೆಂಪಾದದ್ದು ಕಾಣಲಿಲ್ಲ, ಹೊಳೆಯುವುದು ಮಾತ್ರ ಕಂಡಿತು. "ಅಪ್ಪಾ ಅವ್ವಾ ಹೇಳಿದ್ದಕ್ಕ ನನ್ನ ಒಪ್ಪಿಗಿ ಐತಿ" ಅನ್ನುವಾಗ ಎರಡು ಹನಿ ಕೆನ್ನೆಗೆ ಇಳಿದವು. ಭಾವ ಬಂದಿದೆ ಎಂದು ಅದರ ಮೇಲೇ ಜೂಮ್ ಮಾಡಿದೆ. ತಾಯಿ ಸೆರಗಿನಲ್ಲಿ ಮೂಗು ಒರೆಸುತ್ತಿದ್ದರು. ಮಗಳು ದೂರವಾಗುವ ಸಂಕಟವೆಂದು ಅವರನ್ನೂ ತೆಗೆದೆ. ನನ್ನ ಕಣ್ಣೂ ಒದ್ದೆಯಾದವು. ಕಲೆ ಅಂದರೆ ಇದೇ ಇರಬೇಕು ಎಂದುಕೊಂಡೆ.

ಮೂರು ನಿಮಿಷದಲ್ಲಿ ಹನ್ನೊಂದು ಸೀನು. ಸಿನೆಮಾದವರು ಹೇಳುವ ಸೀನಲ್ಲ, ಮೂಗಿನದು. ಅವು ಕೇಳಿಸಬಾರದೆಂದು, ಕ್ಯಾಮೆರಾದ ಕಿಂಡಿಯಲ್ಲೇ ನೋಡಿಕೊಂಡು, ಆಯಾ ಜಾಗದಲ್ಲಿ ಪಿಟೀಲಿನ ಧ್ವನಿ ಕೂಡಿಸಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಪಿಟೀಲು ಕ್ಯಾಸೆಟ್, ಅದು ಸ್ವಲ್ಪ ಶೋಕದ್ದು. ವೀರಭದ್ರಪ್ಪನವರ ಮನೆಯಲ್ಲಿ ವಿಸಿಆರ್ ಇರಲಿಲ್ಲವಾಗಿ ಕ್ಯಾಸೆಟ್ ನೇರ ಸೊಲ್ಲಾಪುರಕ್ಕೆ ಹೋಯಿತು.

ಹದಿನೈದು ದಿನಕ್ಕೆ ವೀರಭದ್ರಪ್ಪ ಸೊಲ್ಲಾಪುರದಿಂದ ಬಂದ ಕಾಗದ ಹಿಡಿದು ಬಂದರು. 'ಮನಸ್ಸಿಲ್ಲದ ಹುಡುಗಿಯನ್ನು ಬಲವಂತದಿಂದ ತಂದುಕೊಳ್ಳುವ ಮಂದಿ ನಾವಲ್ಲ' ಎಂದಿತ್ತು. ನನ್ನ ಬಳಿ ಉಳಿದಿದ್ದ ಪ್ರತಿಯನ್ನು ಕಲರ್ ಟಿವಿಯಲ್ಲಿ ಹಾಕಿದೆ. ಹುಡುಗಿಯ ಕಣ್ಣು, ಮೂಗಿನ ತುದಿ, ತಾಯಿಯ ಮುಖ, ಎಲ್ಲ ಕೆಂಪು. ಬಣ್ಣದ ವಿಷಯದಲ್ಲಿ ಮಂಜುನಾಥ ಸುಳ್ಳು ಹೇಳಿರಲಿಲ್ಲ. "ಯಾರ ಸತ್ತಾರ್ರಿ ಇದರಾಗ?" ಎಂದು ಅಡಿಗೆಮನೆಯಿಂದ ಬಂದ ಶಾಂತಾ ಕೇಳಿದಳು. ವೀರಭದ್ರಪ್ಪ ಬೈಯಲಿಲ್ಲ. "ನನ್ನ ಮಗಳಿಗೆ ಈ ಸಂಬಂಧ ಭಾಳ ಮನಸಿಗೆ ಬಂದಿತ್ತರಿ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮರುದಿನವೇ ರಜೆ ಚೀಟಿ ಬರೆದು, ಗೋಡೆಯ ಒಂದು ಚೀಲ ಕಿತ್ತು ಮಡಚಿಕೊಂಡು, ಸುಗ್ಗಿಯನ್ನು ಅರ್ಧಕ್ಕೇ ಬಿಟ್ಟು ಹೊರಟ ವೀರಭದ್ರಪ್ಪನವರೊಂದಿಗೆ ಸೊಲ್ಲಾಪುರದ ಬಸ್ಸು ಹತ್ತಿದೆ. ನಮ್ಮ ಹಿಂದುಮುಂದಿನ ಸೀಟುಗಳು ಬಿಜಾಪುರ ಬರುವುದರೊಳಗೆ ಖಾಲಿಯಾಗಿದ್ದವು. ಬಟ್ಟೆ ಅಂಗಡಿಯವರ ಪಡಸಾಲೆಯಲ್ಲಿ ನಾನು ವಿವರಿಸಲು ಹೋಗಲಿಲ್ಲ. ನಮಸ್ಕಾರ ಮಾಡಿ ಚೀಲ ಬಿಚ್ಚಿ ಎರಡು ಸಲ ಝಾಡಿಸಿದೆ. ಹುಡುಗನ ತಂದೆ ಅತ್ತರು, ತಾಯಿ ಅತ್ತರು, ಈ ಸಂಬಂಧವೇ ಬೇಡವೆಂದಿದ್ದ ಹುಡುಗನ ಸೋದರತ್ತೆ ಎಲ್ಲರಿಗಿಂತ ಹೆಚ್ಚು ಅತ್ತರು. ಹುಡುಗ ಕಣ್ಣೊರೆಸುತ್ತ ನಗತೊಡಗಿದ. "ನನಗೂ ಒಪ್ಪಿಗಿ ಅದರಿ" ಎಂದ. "ಆ ಚೀಲ ಒಂದು ಮೊದಲ ಹೊರಗ ಒಯ್ರಿ."

ಮದುವೆ ಗೊತ್ತಾಯಿತು. ವೀರಭದ್ರಪ್ಪ ಲಗ್ನಪತ್ರಿಕೆ ಕೊಡಲು ಬಂದಾಗ ನಾನು ಹೊಸ ಬ್ಯಾಟರಿ ತೆಗೆದಿಟ್ಟಿದ್ದೆ. ಅವರು ನೆಲ ನೋಡುತ್ತ ಹೇಳಿದರು: "ವಿಡಿಯೋಕ್ಕ ಹಾವೇರಿಯವ್ರಿಗೆ ಹೇಳೇವ್ರಿ ಮಾಸ್ತರ. ನೀವು ಮನಿಮಂದೆಲ್ಲಾ ಊಟಕ್ಕ ಬರ್ರಿ. ಚೀಲ ಬ್ಯಾಡ."

ಹೋದೆ. ಹಾವೇರಿಯವನ ಕ್ಯಾಮೆರಾ ನನ್ನದಕ್ಕಿಂತ ಹೊಸದು, ನಿಂತ ಜಾಗ ಮಾತ್ರ ತಪ್ಪು. ಶಾಂತಾಗೆ ಅದನ್ನೇ ವಿವರಿಸುತ್ತಿದ್ದೆ. ಹೊರಡುವ ಹೊತ್ತಿಗೆ ಸುಮಂಗಲಾ ನನ್ನ ಕಾಲಿಗೂ ಬಿದ್ದಳು. "ನೀವು ಸೊಲ್ಲಾಪುರಕ್ಕ ಹೋಗಿದ್ದಕ್ಕ ಈ ಲಗ್ನ ಆತ್ರಿ ಸರ" ಎಂದಳು. ಯಾಕೋ ಏನೋ, ಕಣ್ಣಿಂದ ದಳದಳ ನೀರು ಬಂತು. ಅಂದು ನಾನು ಗೋಣಿಯ ಹತ್ತಿರವೂ ಹೋಗಿರಲಿಲ್ಲ. ಆ ಹಾವೇರಿಯವ ಎಲ್ಲಿದ್ದನೋ, ಬಂದು ನನ್ನ ಮುಖದ ಮೇಲೇ ಜೂಮ್ ಮಾಡಿದ.

ಆ ಕ್ಯಾಸೆಟ್ ನೋಡಿದವರೆಲ್ಲ ಈಗಲೂ ಒಂದು ಕಡೆ ತಡೆದು ಕೇಳುತ್ತಾರಂತೆ, ಹುಡುಗಿಯ ಅಪ್ಪನಿಗಿಂತ ಹೆಚ್ಚು ಅಳುವ ಈ ಮನುಷ್ಯ ಯಾರೆಂದು. ವೀರಭದ್ರಪ್ಪ ಹೇಳುತ್ತಾರಂತೆ: "ಅವ್ರಾ? ಅವ್ರು ವಿಡಿಯೋದವ್ರರಿ."